ಬೇಸಗೆಯ ಹೊಸಿಲಲ್ಲಿ

ಶಿವರಾತ್ರಿ ಬಂತೆಂದರೆ ಚಳಿಯು ‘ಶಿವ ಶಿವಾ’ ಎಂದು ಹೊರಟುಹೋಗುತ್ತದೆಂಬುದು ಹಿರಿಯರ ಮಾತು. ಅದು ಕಳೆದ ಕೆಲವೇ ದಿನಗಳಲ್ಲಿ ಬಯಲುಸೀಮೆಯ ಮುಖಚರ್ಯೆ ಬದಲಾಗತೊಡಗುತ್ತದೆ. ರಾಗಿಯ ಕೊಯ್ಲು ಎಂದೋ ಮುಗಿದಿದೆ. ಕಣದ ಕೆಲಸವೂ ತೀರಿ ಹುಲ್ಲು ಬಣವೆಯೇರಿದೆ. ಹೊಲದಲ್ಲಿ ಉಳಿದಿರುವುದು ಒಣಗಿದ ಕೂಳೆ ಮಾತ್ರ. ಕೆರೆಯ ನೀರು ಅಂಗಳದಿಂದ ಹಿಂದೆಗೆದು ತೂಬಿನ ಬಳಿ ಮಡುಗಟ್ಟಿ ನಿಂತಿದೆ; ನೀರು ಬಿಟ್ಟುಹೋದ ಕಡೆ ಮಣ್ಣು ಬಿರುಕುಬಿಟ್ಟಿದೆ. ಹಗಲು ಹನ್ನೆರಡರ ಹೊತ್ತಿಗೆ ದಾರಿಯ ಧೂಳು ಕಾಲನ್ನು ಸುಡುತ್ತದೆ. ಉರಿಯುವ ಬಿಸಿಲು, ಬರಿದಾದ ಬಯಲು, ಬತ್ತುವ ಬಾವಿ—ಬೇಸಗೆಯೆಂದೊಡನೆ ಮನಸ್ಸಿಗೆ ಬರುವ ಚಿತ್ರ ಇದೇ. ಮಳೆಗಾಲವನ್ನು ಹಾಡಿ ಹೊಗಳುವವರು, ಮಾಗಿಯ ಚಳಿಯನ್ನು ಮೆಚ್ಚುವವರು ಬೇಕಾದಷ್ಟು ಮಂದಿ ಸಿಕ್ಕಾರು; ಬೇಸಗೆಯನ್ನು ಮಾತ್ರ ಹೇಗಾದರೂ ಕಳೆದುಹೋದರೆ ಸಾಕೆಂದು ಎಣಿಸುವವರೇ ಹೆಚ್ಚು.

ಆದರೆ ಇದೇ ದಿನಗಳಲ್ಲಿ ಬೆಳಗಿನ ಜಾವದಲ್ಲೆದ್ದು ಊರ ಹೊರಗಿನ ಗಾಡಿದಾರಿಯಲ್ಲಿ ಒಂದು ಹರದಾರಿ ನಡೆದುಹೋಗುವವನಿಗೆ ಬೇರೆಯೇ ಒಂದು ಲೋಕ ಕಾಣುತ್ತದೆ. ನೆಲ ಒಣಗಿರುವುದು ನಿಜ, ಮರಗಳು ಒಣಗಿಲ್ಲ. ಬೇರೆ ಯಾವ ಕಾಲದಲ್ಲಿಯೂ ಕಾಣದ ಸಡಗರವೊಂದು ಅವುಗಳಲ್ಲಿ ತುಂಬಿರುತ್ತದೆ. ಒಂದು ಮರ ಎಲೆಯುದುರಿಸುತ್ತಿದ್ದರೆ ಪಕ್ಕದ ಮರ ಚಿಗುರುತ್ತಿರುತ್ತದೆ. ಮತ್ತೊಂದು ಎಲೆಯ ಗೊಡವೆಯೇ ಇಲ್ಲದೆ ಮೈತುಂಬ ಹೂ ಬಿಟ್ಟು ನಿಂತಿರುತ್ತದೆ. ಪಂಚಾಂಗದ ಪ್ರಕಾರ ಚೈತ್ರ ವೈಶಾಖಗಳು ವಸಂತ ಋತು. ಗ್ರೀಷ್ಮ ಬರುವುದು ಅದರ ಬಳಿಕ. ಹವಾಮಾನ ಶಾಸ್ತ್ರದವರು ಮಾರ್ಚಿಯಿಂದ ಮೇವರೆಗಿನ ಮೂರು ತಿಂಗಳನ್ನೂ ಬೇಸಗೆಯೆಂದೇ ಕರೆಯುತ್ತಾರೆ. ಎರಡೂ ಸರಿಯೇ. ಬಿಸಿಲನ್ನು ಅಳೆಯುವವನಿಗೆ ಅದು ಬೇಸಗೆ. ಮರವನ್ನು ನೋಡುವವನಿಗೆ ವಸಂತ.

ಮೊದಲು ಕಣ್ಣನ್ನು ಸೆಳೆಯುವುದು ಮುತ್ತುಗ. ಕುರುಚಲು ಕಾಡಿನಲ್ಲಿ, ಗೋಮಾಳದ ಅಂಚಿನಲ್ಲಿ, ಯಾರೂ ನೆಡದೆ ಯಾರೂ ನೀರೆರೆಯದೆ ಬೆಳೆದ ಈ ಅಂಕುಡೊಂಕಿನ ಮರವನ್ನು ಉಳಿದ ದಿನಗಳಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಊಟದೆಲೆಗೆಂದು ಅದರ ಎಲೆ ಕೊಯ್ಯಲು ಬಂದವರು ಮಾತ್ರ ಅದನ್ನು ಬಲ್ಲರು. ಒಂದೇ ತೊಟ್ಟಿನಲ್ಲಿ ಮೂರು ಎಲೆಗಳಿರುವ ಈ ಮರದ ಗುರುತು ಹಳ್ಳಿಯ ಮಕ್ಕಳಿಗೂ ಗೊತ್ತು. ಫಾಲ್ಗುಣ ಬರುವ ಹೊತ್ತಿಗೆ ಆ ಎಲೆಗಳೆಲ್ಲ ಉದುರಿ, ಬರಿಯ ಕೊಂಬೆಗಳ ಮೇಲೆ ಕಪ್ಪುಮಿಶ್ರಿತ ಕಂದು ಬಣ್ಣದ ಮೊಗ್ಗುಗಳು ಸಾಲುಗಟ್ಟುತ್ತವೆ. ಅವು ಬಿರಿದೊಡನೆ ಮರಕ್ಕೆ ಮರವೇ ಉರಿಯುವ ಕೆಂಡದ ರಾಶಿಯಾಗುತ್ತದೆ. ಗಿಳಿಯ ಕೊಕ್ಕಿನಂತೆ ಬಾಗಿದ ಅದರ ದಳವನ್ನು ಕೈಯಲ್ಲಿ ಹಿಡಿದು ನೋಡಿದರೆ, ಹೊರಮೈ ಪಟ್ಟೆಯಂತೆ ನುಣುಪಾಗಿ ಹೊಳೆಯುವುದು ಕಾಣುತ್ತದೆ. ಈ ಹೂವನ್ನು ನೀರಿನಲ್ಲಿ ಕುದಿಸಿದರೆ ಕಿತ್ತಳೆ ಬಣ್ಣ ಬಿಡುತ್ತದೆ. ಕಾಮನ ಹುಣ್ಣಿಮೆಯ ಓಕುಳಿಗೆ ಹಿಂದೆ ಈ ಬಣ್ಣವೂ ಬಳಕೆಯಲ್ಲಿತ್ತು. ಹಬ್ಬವೂ ಹೂವೂ ಒಂದೇ ಹೊತ್ತಿಗೆ ಬರುವುದರಿಂದ ಬಣ್ಣಕ್ಕಾಗಿ ಎಲ್ಲಿಗೂ ಹೋಗಬೇಕಾದ್ದಿರಲಿಲ್ಲ.

ಇಷ್ಟೊಂದು ಚೆಲುವಾದ ಹೂವನ್ನು ಮೂಗಿಗೆ ಹಿಡಿದವನಿಗೆ ಮಾತ್ರ ನಿರಾಸೆಯಾಗುತ್ತದೆ. ಮುತ್ತುಗಕ್ಕೆ ಪರಿಮಳವಿಲ್ಲ. ಹಳೆಯ ಸಂಸ್ಕೃತ ಸುಭಾಷಿತಕಾರರು ವಿದ್ಯೆಯಿಲ್ಲದ ಚೆಲುವನನ್ನು ಈ ಹೂವಿಗೆ ಹೋಲಿಸಿ ಅದನ್ನು ಹಳಿದಿದ್ದಾರೆ. ಆದರೆ ಮರದ ಕಡೆಯಿಂದ ವಿಚಾರಿಸಿದರೆ ಆ ನಿಂದೆ ನ್ಯಾಯವಾದುದೆಂದು ತೋರುವುದಿಲ್ಲ. ಬೆಳಗ್ಗೆ ಒಂದು ಗಳಿಗೆ ಅದರ ಬುಡದಲ್ಲಿ ಸದ್ದಿಲ್ಲದೆ ನಿಂತರೆ ವಿಷಯ ತಾನಾಗಿ ತಿಳಿಯುತ್ತದೆ. ಗೊರವಂಕ, ಪಿಕಳಾರ, ಕಾಜಾಣ, ಹೆಬ್ಬೆರಳಿಗಿಂತ ಸ್ವಲ್ಪವೇ ದೊಡ್ಡದಾದ ಸೂರಕ್ಕಿ—ಹಕ್ಕಿಗಳ ಸಂತೆಯೇ ಅಲ್ಲಿ ನೆರೆದಿರುತ್ತದೆ. ನಡುವೆ ಅಳಿಲೂ ಕೊಂಬೆಯಿಂದ ಕೊಂಬೆಗೆ ಓಡುತ್ತದೆ. ಒಂದೊಂದು ಹೂವಿನ ಬುಡದಲ್ಲಿಯೂ ಮಕರಂದ ತುಂಬಿದೆ. ಅದನ್ನು ಹೀರಲು ಬಗ್ಗಿದ ಹಕ್ಕಿಯ ತಲೆಗೆ ಪರಾಗ ಅಂಟುತ್ತದೆ. ಆ ಪರಾಗ ಇನ್ನೊಂದು ಮರವನ್ನು ಸೇರುತ್ತದೆ. ಹಕ್ಕಿ ಹೂವನ್ನು ಹುಡುಕುವುದು ಕಣ್ಣಿನಿಂದ, ಮೂಗಿನಿಂದಲ್ಲ. ಕೆಂಪು ಬಣ್ಣ ದೂರಕ್ಕೆ ಕಂಡರೆ ಸಾಕು. ಪರಿಮಳಕ್ಕಾಗಿ ಮರ ವೆಚ್ಚ ಮಾಡಬೇಕಾಗಿಲ್ಲ. ಎಲೆಗಳನ್ನು ಮುಂಚಿತವಾಗಿಯೇ ಕಳಚಿಕೊಂಡದ್ದರಿಂದ ಹೂವಿಗೆ ಮರೆಯೂ ಇಲ್ಲ. ಹೊಲದ ಬದಿಯ ಬೂರುಗವೂ ಇದೇ ಕ್ರಮವನ್ನು ಅನುಸರಿಸುತ್ತದೆ. ಎಲೆಯಿಲ್ಲದ ಎತ್ತರದ ಮರ, ಅಂಗೈಯಗಲದ ಕೆಂಪು ಹೂ, ಅದರ ಬಟ್ಟಲಿನಲ್ಲಿ ಹಕ್ಕಿಗಳಿಗೆ ಪಾನಕ. ಆ ಹೂಗಳೇ ಮುಂದೆ ಕಾಯಾಗಿ, ಬಿಸಿಲು ಬಲಿತ ಮೇಲೆ ಒಡೆದು, ಊರಿನ ಮೇಲೆಲ್ಲ ಅರಳೆಯನ್ನು ಹಾರಿಬಿಡುತ್ತವೆ.

ಇಲ್ಲಿ ಒಂದು ಸಂದೇಹ ಏಳುವುದು ಸಹಜ. ಮಳೆ ಬೀಳದೆ ಮೂರು ನಾಲ್ಕು ತಿಂಗಳು ಕಳೆದಿವೆ. ಮನುಷ್ಯನ ಬಾವಿಯೇ ಆಳಕ್ಕಿಳಿದಿರುವಾಗ ಮರಕ್ಕೆ ನೀರೆಲ್ಲಿಂದ ಬಂತು? ಹುಲ್ಲಿನ ಬೇರು ಮೇಲ್ಮಣ್ಣಿನಲ್ಲೇ ಹರಡಿರುವುದರಿಂದ ಅದು ಮೊದಲು ಒಣಗುತ್ತದೆ. ಮರದ ಬೇರಾದರೋ ಬಹಳ ಕೆಳಕ್ಕೆ ಇಳಿದು, ಹೋದ ಮಳೆಗಾಲದ ತೇವ ಇನ್ನೂ ಉಳಿದಿರುವ ಪದರವನ್ನು ಮುಟ್ಟಿರುತ್ತದೆ. ಎಲೆಯ ಮೂಲಕ ನೀರು ಆವಿಯಾಗಿ ಹೋಗುತ್ತದೆ. ಎಲೆಗಳನ್ನು ಉದುರಿಸಿದ ಮರ ಆ ಬಾಗಿಲನ್ನು ಮುಚ್ಚಿದಂತಾಗುತ್ತದೆ. ಆಗ ಬೇರು ಸೇದಿದ ನೀರು ಕಾಂಡದಲ್ಲಿಯೇ ಉಳಿದು ಹೂವಿಗೂ ಚಿಗುರಿಗೂ ಒದಗುತ್ತದೆ. ಮನೆಯ ಖರ್ಚನ್ನು ತಗ್ಗಿಸಿ ಮಗಳ ಮದುವೆಗೆ ಹಣ ಕೂಡಿಡುವ ಗೃಹಸ್ಥನ ರೀತಿ ಇದು. ಹಗಲು ದೀರ್ಘವಾಗುತ್ತ ಬರುವುದನ್ನು ಗುರುತಿಸಿ ಚಿಗುರುವ ಮರಗಳೂ ಇವೆ. ಮಳೆಗಾಗಿ ಅವು ಕಾಯುವುದಿಲ್ಲ.

ಮಳೆ ಬಂದ ಮೇಲೆಯೇ ಚಿಗುರಿದ್ದರೆ ಇಷ್ಟು ಕಷ್ಟವಿರುತ್ತಿರಲಿಲ್ಲವಲ್ಲ ಎಂದು ಕೇಳಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಎಸ್. ಮುರಳಿ ಮತ್ತು ಆರ್. ಸುಕುಮಾರ್ ಅವರು 1993ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಪ್ರಶ್ನೆಗೆ ಉತ್ತರವನ್ನು ಸೂಚಿಸುತ್ತದೆ. ಬಂಡೀಪುರಕ್ಕೆ ತಾಗಿಕೊಂಡಿರುವ ತಮಿಳುನಾಡಿನ ಮುದುಮಲೆಯ ಕಾಡಿನಲ್ಲಿ ಅವರು ಮರಗಳ ಎಲೆಗಳನ್ನು ಪರೀಕ್ಷಿಸಿದರು. ಒಣಗಾಲದಲ್ಲಿಯೇ ಬೇಗ ಚಿಗುರಿದ ಜಾತಿಗಳ ಎಲೆಗಳಿಗೆ ಕೀಟಗಳಿಂದ ಆದ ಹಾನಿ ಕಡಿಮೆ; ತಡವಾಗಿ ಚಿಗುರಿದವಕ್ಕೆ ಹೆಚ್ಚು. ಮಳೆಯೊಡನೆ ಎಲೆತಿನ್ನುವ ಹುಳುಗಳ ದಂಡು ಏಳುವ ಹೊತ್ತಿಗೆ, ಬೇಸಗೆಯಲ್ಲಿ ಚಿಗುರಿದ ಎಲೆ ಆಗಲೇ ಬಲಿತು ಗಡುಸಾಗಿರುತ್ತದೆ. ಹೀಗೆ, ಬಿಸಿಲಿಗೆ ತಲೆಯೊಡ್ಡಿಯಾದರೂ ಮುಂಚಿತವಾಗಿ ಕೆಲಸ ಮುಗಿಸಿದ ಮರಕ್ಕೆ ಲಾಭವುಂಟು. ಬೇಸಗೆಯನ್ನು ಮರ ಹೇಗೋ ಸಹಿಸಿಕೊಂಡಿದೆ ಎನ್ನುವುದಕ್ಕಿಂತ, ಅದನ್ನು ಆರಿಸಿಕೊಂಡಿದೆ ಎನ್ನುವುದೇ ಹೆಚ್ಚು ಒಪ್ಪುತ್ತದೆ.

ಈ ಎಳೆಯ ಎಲೆಗಳ ಬಣ್ಣವನ್ನು ನೋಡಿಯೇ ತಣಿಯಬೇಕು. ಚಿಗುರು ಹಸುರಾಗಿರುತ್ತದೆಂದು ಪುಸ್ತಕದಲ್ಲಿ ಬಣ್ಣ ಹಚ್ಚುವ ಮಕ್ಕಳು ನಂಬಿರುತ್ತಾರೆ. ಅರಳಿಯ ಚಿಗುರು ತಾಮ್ರದ ಬಣ್ಣ. ಬಿಸಿಲು ಅದರ ಮೂಲಕ ಹಾದರೆ ದೇವರ ಮುಂದಿನ ದೀಪದ ಕುಡಿಯ ಹಾಗೆ ಕಾಣುತ್ತದೆ. ಮಾವಿನ ಚಿಗುರು ನಸುಗೆಂಪಿನಿಂದ ಕಂದಿಗೆ ತಿರುಗಿ, ಆಮೇಲೆ ಹಸುರಾಗುತ್ತದೆ. ಸಾಗಡೆಯ ಮರವಂತೂ ಹೂ ಬಿಟ್ಟಿದೆಯೆಂದು ದೂರದಿಂದ ಭ್ರಮೆ ಹುಟ್ಟಿಸುವಷ್ಟು ಕೆಂಪಗೆ ಚಿಗುರುತ್ತದೆ. ಎಳೆಯ ಎಲೆಗಳಲ್ಲಿ ಸೇರಿರುವ ಕೆಂಪು ವರ್ಣದ್ರವ್ಯವು ಬಿಸಿಲಿನ ತೀವ್ರತೆಯಿಂದ ಅವನ್ನು ಕಾಪಾಡುತ್ತದೆಂದು ಸಸ್ಯವಿಜ್ಞಾನಿಗಳು ಅಭಿಪ್ರಾಯಪಡುತ್ತಾರೆ. ಹಸುಗೂಸಿನ ತಲೆಗೆ ಕುಲಾವಿ ಕಟ್ಟಿದಂತೆ ಅದು.

ಯುಗಾದಿ ಹತ್ತಿರವಾದಾಗ ಕಣ್ಣಿನ ಕೆಲಸ ಕಡಿಮೆಯಾಗಿ ಮೂಗಿನ ಕೆಲಸ ಹೆಚ್ಚಾಗುತ್ತದೆ. ಬಯಲುಸೀಮೆಯಲ್ಲಿ ಇದಕ್ಕೆ ಮುಖ್ಯ ಕಾರಣ ಹೊಂಗೆ. ಕೆಲವೇ ದಿನ ಬೋಳಾಗಿದ್ದ ಈ ಮರ ಬಲುಬೇಗ ಹೊಸ ಎಲೆ ಹೊದ್ದು, ಎಣ್ಣೆ ಹಚ್ಚಿ ಒರಸಿದ ಹಾಗೆ ಮಿರಮಿರನೆ ಮಿಂಚುತ್ತದೆ. ಅದರ ಬೆನ್ನಿಗೇ ಎಲೆಗಳ ಸಂದಿನಲ್ಲಿ ನಸುಗೆಂಪು, ನಸುನೇರಳೆ, ಬಿಳುಪು ಬೆರೆತ ಪುಟ್ಟ ಹೂಗಳ ಗೊಂಚಲುಗಳು ತೂಗುತ್ತವೆ. ಮುತ್ತುಗದಂತೆ ದೂರದಿಂದ ಕಣ್ಣನ್ನು ಕರೆಯುವ ಹೂವಲ್ಲ ಇದು. ಕಾಣುವುದಕ್ಕೆ ಮೊದಲು ಕೇಳಿಸುವ ಮರ ಹೊಂಗೆ: ಇಡೀ ಮರವೇ ಒಂದು ತಂಬೂರಿಯಾಗಿ ಶ್ರುತಿ ಹಿಡಿದಿರುತ್ತದೆ. ಹತ್ತಿರ ಹೋಗಿ ತಲೆಯೆತ್ತಿದರೆ ಸಾವಿರಾರು ಜೇನುಹುಳುಗಳು. ತುಡುವೆ ಜೇನು, ಕೋಲುಜೇನು, ಎಲ್ಲಿಂದಲೋ ಬಂದ ಹೆಜ್ಜೇನು, ಜೊತೆಗೆ ಕರಿಯ ದುಂಬಿ. ಅವಕ್ಕೆ ಕರೆ ಕಳುಹಿಸಿದ್ದು ಆ ಸವಿಯಾದ, ಕೊಂಚ ಮತ್ತು ಬರಿಸುವ ಪರಿಮಳ. ಬಿಸಿಲೇರಿದಂತೆ ಅದು ಗಾಳಿಯಲ್ಲಿ ಹರಡಿ, ದಾರಿಹೋಕನನ್ನು ಒಂದು ಕ್ಷಣ ತಡೆದು ನಿಲ್ಲಿಸುತ್ತದೆ.

ಉದುರಿದ ಹೂವಿನ ಚೆಲುವನ್ನೂ ಹೇಳಲೇಬೇಕು. ಹೊಂಗೆಯಡಿಯ ನೆಲವೆಲ್ಲ ಹುರಿದ ಅರಳು ಚೆಲ್ಲಿದಂತಿರುತ್ತದೆ. ಅದರ ಮೇಲೆ ಕಾಲಿಡಲು ಮನಸ್ಸು ಹಿಂಜರಿಯುತ್ತದೆ. ಹಳ್ಳಿಯವರು ಹೊಂಗೆಯ ನೆರಳನ್ನು ತಾಯಿಯ ಮಡಿಲಿಗೆ ಹೋಲಿಸುತ್ತಾರೆ. ಅದರ ಸೊಪ್ಪು ಗದ್ದೆಗೆ ಗೊಬ್ಬರ, ಬೀಜದ ಎಣ್ಣೆ ಒಂದು ಕಾಲಕ್ಕೆ ಗುಡಿಸಲಿನ ದೀಪಕ್ಕೆ. ಇಷ್ಟೆಲ್ಲ ಉಪಯೋಗವಿದ್ದುದರಿಂದಲೇ ಹೊಲದ ಬದುವಿನಲ್ಲಿಯೂ ರಸ್ತೆಯ ಇಕ್ಕೆಲದಲ್ಲಿಯೂ ಹಿಂದಿನವರು ಇದನ್ನು ಧಾರಾಳವಾಗಿ ಬೆಳೆಸಿದರು. ನೆಟ್ಟ ಸಸಿ ಮರವಾಗುವ ತನಕ ದಾಟಬೇಕಾದ ಕಂಟಕ ಇದೇ ಬೇಸಗೆ. ಮಾಗಡಿ ತಾಲ್ಲೂಕಿನ ಹುಲಿಕಲ್ಲು–ಕುದೂರು ರಸ್ತೆಯ ಆಲದ ಸಾಲನ್ನು ಬೆಳೆಸಿದ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ ಕೂಲಿಯ ಕೆಲಸ ಮುಗಿಸಿಕೊಂಡು, ಕೊಡಗಳಲ್ಲಿ ನೀರು ಹೊತ್ತು ಆ ಸಸಿಗಳಿಗೆ ಎರೆಯುತ್ತಿದ್ದರು. ಸಾಲುಮರದ ತಿಮ್ಮಕ್ಕ ಎಂದೇ ಹೆಸರಾದ ಅವರಿಗೆ 2019ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಬೆಳೆಸುವುದಕ್ಕೆ ಅಷ್ಟು ಬೇಸಗೆಗಳು ಬೇಕು. ರಸ್ತೆ ಅಗಲಮಾಡುವಾಗ ಅದನ್ನು ಉರುಳಿಸುವುದಕ್ಕೆ ಅರ್ಧ ಗಂಟೆ ಸಾಕು. ಹಾಗೆ ಸಾಲುಮರ ಹೋದ ರಸ್ತೆಯಲ್ಲಿ ಚೈತ್ರದ ಮಧ್ಯಾಹ್ನ ನಡೆದು ನೋಡಿದವನಿಗೆ ನೆರಳು ಹೋದದ್ದು ಕೂಡಲೇ ತಿಳಿಯುತ್ತದೆ. ಜೇನಿನ ಶ್ರುತಿಯೂ ಹೋಯಿತೆಂಬುದು ತಿಳಿಯಲು ಕೊಂಚ ಹೊತ್ತು ಹಿಡಿಯುತ್ತದೆ.

ಬೇವು ಹೊಂಗೆಯ ನೆರೆಯವನಾದರೂ ಅದರ ಸ್ವಭಾವ ಬೇರೆ. ಹೆಸರೇ ಕಹಿಗೆ ಪರ್ಯಾಯವಾದ ಈ ಮರದ ಹೂವಿಗೆ ಜೇನಿನಂಥ ನವುರಾದ ಕಂಪು ಇದೆ ಎಂದರೆ ನಂಬದವರುಂಟು. ಯುಗಾದಿಯ ದಿನ ಬೆಲ್ಲದೊಡನೆ ಅದನ್ನು ಬಾಯಿಗೆ ಹಾಕಿಕೊಂಡವರೆಲ್ಲ ರುಚಿಯನ್ನು ಬಲ್ಲರು. ಅದರ ಕಂಪನ್ನು ಬಲ್ಲವರು ಸಂಜೆ ಜಗಲಿಯ ಮೇಲೆ ಸುಮ್ಮನೆ ಕುಳಿತವರು ಮಾತ್ರ. ಹೊತ್ತು ಇಳಿದ ಮೇಲೆ ಅದರ ಕಂಪು ಬಲಗೊಳ್ಳುತ್ತದೆ. ಕಾದ ಗೋಡೆಗಳು ತಣಿಯತೊಡಗಿದಾಗ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಆ ಬಿಳಿಯ ಹೂಗಳು ತೇಲುತ್ತ ಅಂಗಳಕ್ಕೆ ಬೀಳುತ್ತವೆ.

ಸಂಜೆಯಾದ ಮೇಲೆ ಪರಿಮಳ ಹೆಚ್ಚಿಸಿಕೊಳ್ಳುವ ಹೂಗಳಲ್ಲಿ ಮಲ್ಲಿಗೆಗೆ ಮೊದಲ ಸ್ಥಾನ. ಬೇಸಗೆಯೇ ಮಲ್ಲಿಗೆಯ ಸುಗ್ಗಿ. ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆ, ಉಡುಪಿಯ ಶಂಕರಪುರದ ಸುತ್ತ ಬೆಳೆಯುವ ಉಡುಪಿ ಮಲ್ಲಿಗೆ—ಈ ಮೂರಕ್ಕೂ ಅವುಗಳ ಊರಿನ ಹೆಸರಿನಲ್ಲಿಯೇ ಭೌಗೋಳಿಕ ಮಾನ್ಯತೆ ದೊರೆತಿದೆ. ಅರಳಿದ ಹೂವನ್ನು ಕೊಯ್ದರೆ ಪ್ರಯೋಜನವಿಲ್ಲ. ಅರಳಲಿರುವ ಮೊಗ್ಗನ್ನು ಬಿಸಿಲೇರುವ ಮೊದಲೇ ಬಿಡಿಸಬೇಕು. ಹೀಗಾಗಿ ಬೆಳೆಗಾರರ ಮನೆಯವರೆಲ್ಲ ನಸುಕಿನಲ್ಲಿಯೇ ಗಿಡಗಳ ನಡುವೆ ಬಗ್ಗಿರುತ್ತಾರೆ. ಬೆಳಗ್ಗೆ ಕೊಯ್ದ ಮೊಗ್ಗು ಮಾಲೆಯಾಗಿ, ಮಾರುಕಟ್ಟೆ ಸೇರಿ, ಸಂಜೆ ಯಾರದೋ ಮುಡಿಯಲ್ಲಿ ಅರಳುತ್ತದೆ. ಇರುಳಿನಲ್ಲಿ ಅರಳುವ ಬಿಳಿಯ ಹೂಗಳು ಸಾಮಾನ್ಯವಾಗಿ ಹಾತೆಗಳನ್ನು ಕರೆಯುವಂಥವು. ಕತ್ತಲೆಯಲ್ಲಿ ಬಣ್ಣಕ್ಕೆ ಬೆಲೆಯಿಲ್ಲ. ದಾರಿ ತೋರಬೇಕಾದ್ದು ಕಂಪೇ. ತೋಟದ ಮಲ್ಲಿಗೆಯ ವಿಷಯದಲ್ಲಿ ಒಂದು ವಿನೋದವಿದೆ. ಅದು ಬೀಜ ಕಟ್ಟುವುದು ಬಹಳ ಅಪರೂಪ. ಬೆಳೆಗಾರ ಕಡ್ಡಿ ನೆಟ್ಟೇ ಗಿಡ ಮಾಡುತ್ತಾನೆ. ಹಾತೆ ಬಂದರೂ ಅಷ್ಟೆ, ಬಾರದಿದ್ದರೂ ಅಷ್ಟೆ. ಆದರೂ ಗಿಡ ಮಾತ್ರ ಪ್ರತಿ ಸಂಜೆಯೂ ತಪ್ಪದೆ ಹಳೆಯ ಅತಿಥಿಯನ್ನು ಕೂಗಿ ಕರೆಯುತ್ತದೆ.

ಬಯಲುಸೀಮೆಯಿಂದ ಪಶ್ಚಿಮಕ್ಕೆ ಸಾಗಿ ಮಲೆನಾಡನ್ನು ಹೊಕ್ಕರೆ ಇದೇ ಕಾಲದಲ್ಲಿ ಬೇರೆ ಕಂಪುಗಳು ಎದುರುಗೊಳ್ಳುತ್ತವೆ. ಅವುಗಳಲ್ಲಿ ಸುರಗಿ ಮುಖ್ಯವಾದುದು. ದಟ್ಟ ಎಲೆಗಳ ಗಂಭೀರವಾದ ಈ ಮರದಲ್ಲಿ ಹೂ ಬಿಡುವುದು ರೆಂಬೆಯ ತುದಿಯಲ್ಲಿ ಅಲ್ಲ; ಎಲೆ ಬಿದ್ದುಹೋದ ಹಳೆಯ ಕೊಂಬೆಗಳ ಮೈಮೇಲೆ. ಮುತ್ತಿನಂಥ ಗುಂಡು ಮೊಗ್ಗುಗಳು ಕೊಂಬೆಗೆ ಒತ್ತೊತ್ತಾಗಿ ಅಂಟಿಕೊಂಡು, ಬಿರಿದಾಗ ಬಿಳಿಯ ದಳಗಳ ನಡುವೆ ಹೊಂಬಣ್ಣದ ಕೇಸರಗಳ ಕುಚ್ಚು ಕಾಣಿಸುತ್ತದೆ. ಬೇರೆ ಹೂಗಳು ಬಾಡಿದರೆ ಕಂಪು ಅಳಿಯುತ್ತದೆ. ಸುರಗಿಯದು ಒಣಗಿದ ಮೇಲೂ ಉಳಿಯುತ್ತದೆ. ಒಣಗಿದ ಸುರಗಿಯ ದಂಡೆಯನ್ನು ಸೀರೆಗಳ ನಡುವೆ ಇಟ್ಟರೆ ತಿಂಗಳುಗಟ್ಟಲೆ ಪೆಟ್ಟಿಗೆಯೆಲ್ಲ ಘಮಘಮಿಸುತ್ತದೆ. ಕನ್ನಡದ ಪ್ರಸಿದ್ಧ ಲೇಖಕ ಯು. ಆರ್. ಅನಂತಮೂರ್ತಿಯವರು 2012ರಲ್ಲಿ ಪ್ರಕಟವಾದ ತಮ್ಮ ಆತ್ಮಕಥನಕ್ಕೆ ಈ ಹೂವಿನ ಹೆಸರನ್ನೇ ಇಟ್ಟರು.

ಒಣಗಿದರೂ ಕೆಡದ ಈ ಗುಣವೇ ಮರಕ್ಕೆ ಮುಳುವಾಗಿದೆ. ಕೆಡದ ವಸ್ತುವನ್ನು ಮೂಟೆ ಕಟ್ಟಿ ದೂರದ ಪೇಟೆಗೆ ಕಳುಹಿಸಬಹುದು. ಮೊಗ್ಗಿಗೆ ಬೆಲೆ ಬಂದಾಗ, ಎತ್ತರದ ಮರದಲ್ಲಿ ಒಂದೊಂದಾಗಿ ಮೊಗ್ಗು ಬಿಡಿಸುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಹಿಂದಿನವರು ಮರದಡಿಯಲ್ಲಿ ಬಟ್ಟೆಯನ್ನೋ ಚಾಪೆಯನ್ನೋ ಹಾಸಿ, ಕೈಗೆಟುಕಿದಷ್ಟು ಕಿತ್ತು, ಉದುರಿದ್ದನ್ನು ಆಯ್ದುಕೊಂಡು ತೃಪ್ತರಾಗುತ್ತಿದ್ದರು. ಈಗ ಕೆಲವು ಕಡೆ ಕೊಂಬೆಗಳನ್ನೇ ಕಡಿದು ಕೆಡವಿ, ನೆಲದ ಮೇಲೆ ಕುಳಿತು ಮೊಗ್ಗು ಬಿಡಿಸುತ್ತಾರೆ. ಹೂ ಬರುವುದು ಹಳೆಯ ಕೊಂಬೆಯಲ್ಲಿ. ಅದನ್ನು ಕಡಿದರೆ ಮತ್ತೆ ಅಂಥ ಕೊಂಬೆ ಬಲಿಯಲು ವರ್ಷಗಳು ಬೇಕು. ಮೊಗ್ಗಿನಲ್ಲಿಯೇ ಕಿತ್ತ ಹೂವು ಕಾಯಾಗುವುದಿಲ್ಲ. ಕಾಯಿಲ್ಲದ ಕಡೆ ಹೊಸ ಸಸಿಯೂ ಇಲ್ಲ. ಹೊಳೆಯಂಚಿನ ಅಪ್ಪೆಮಿಡಿಯ ಮಾವಿಗೂ ಹಲವೆಡೆ ಇದೇ ಗತಿ ಒದಗಿದೆ. ಜೀರಿಗೆಯ ವಾಸನೆ ಬೀರುವ, ಉಪ್ಪಿನಕಾಯಿಯಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುವ ಮಿಡಿಗೆ ಒಳ್ಳೆಯ ಬೆಲೆಯುಂಟು. ಆತುರದ ಕೊಯ್ಲಿನಲ್ಲಿ ಮಿಡಿಯ ಜೊತೆ ರೆಂಬೆಯೂ ಕೆಳಗೆ ಬೀಳುತ್ತದೆ. ಬೆಳ್ಳಾರದ ಬಲೆಯ ಕೊಕ್ಕೆಯಿಂದ ಮಿಡಿಯನ್ನು ಮಾತ್ರ ಇಳಿಸಿ, ತೊಟ್ಟಿನ ಸೊನೆ ಸೋರದಂತೆ ಜೋಪಾನ ಮಾಡುವ ಹಿರಿಯರು ಈಗಲೂ ಇದ್ದಾರೆ. ಅಂಥವರ ಮರದಲ್ಲಿ ಮರುವರ್ಷವೂ ಮಿಡಿ ಹಿಡಿಯುತ್ತದೆ.

ಮಲೆನಾಡಿನ ಬೇಸಗೆಯಲ್ಲಿ ಇನ್ನೊಂದು ಹೂವುಂಟು. ಅದು ಮಳೆಯನ್ನು ಕಾಯುವ ಹೂವು. ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಕಾಫಿಯ ತೋಟಗಳಲ್ಲಿ ಫಾಲ್ಗುಣದ ಹೊತ್ತಿಗೆ ಮೊಗ್ಗುಗಳು ಕಡ್ಡಿಯುದ್ದಕ್ಕೂ ಮೂಡಿ, ಬೆಳವಣಿಗೆ ನಿಲ್ಲಿಸಿ, ನಿದ್ದೆ ಹೋದಂತೆ ಇರುತ್ತವೆ. ಮಾರ್ಚಿ ಏಪ್ರಿಲ್‌ಗಳಲ್ಲಿ ಗುಡುಗಿನೊಡನೆ ಬರುವ ಒಂದು ಮಳೆ ಅವನ್ನು ಎಬ್ಬಿಸಬೇಕು. ತೋಟದವರು ಇದನ್ನು ಹೂಮಳೆ ಎನ್ನುತ್ತಾರೆ. ಒಂದು ಅಂಗುಲಕ್ಕೆ ಕಡಿಮೆಯಿಲ್ಲದಂತೆ ಬಿದ್ದರೆ, ಎಂಟು ಹತ್ತು ದಿನಗಳಲ್ಲಿ ಬೆಟ್ಟದ ಇಳಿಜಾರಿಗೆ ಇಳಿಜಾರೇ ಒಂದೇ ಬೆಳಗಿನಲ್ಲಿ ಬೆಳ್ಳಗಾಗುತ್ತದೆ. ಮಲ್ಲಿಗೆಯನ್ನು ನೆನಪಿಸುವ ಅದರ ಕಂಪು ರಸ್ತೆಯಲ್ಲಿ ಹೋಗುವ ಬಸ್ಸಿನೊಳಕ್ಕೂ ನುಗ್ಗಿ, ತೂಕಡಿಸುತ್ತಿದ್ದವರನ್ನು ಎಚ್ಚರಿಸುತ್ತದೆ. ಆ ವೈಭವ ಎರಡು ಮೂರು ದಿನದ್ದು. ನೋಡುವವನಿಗೆ ಅದೊಂದು ಉತ್ಸವ. ಬೆಳೆಗಾರನಿಗೆ ಅದೇ ವರ್ಷದ ಅತ್ಯಂತ ಆತಂಕದ ಗಳಿಗೆ. ಬರಿಯ ಹನಿ ಬಿದ್ದು ಹೋದರೆ ಮೊಗ್ಗು ಅರೆಯೆಚ್ಚರಗೊಂಡು ಅಲ್ಲಿಯೇ ಕರಕಾಗುತ್ತದೆ. ಹೂ ಅರಳಿದ ದಿನವೇ ಮತ್ತೆ ಮಳೆ ಸುರಿದರೆ ಪರಾಗ ತೊಯ್ದು ಕಾಯಿ ಕಟ್ಟುವುದು ತಪ್ಪುತ್ತದೆ. ರೊಬಸ್ಟಾ ಜಾತಿಗಂತೂ ಬೇರೆ ಗಿಡದ ಪರಾಗವೇ ಬೇಕಾದ್ದರಿಂದ ಗಾಳಿಯೂ ಜೇನೂ ಒಟ್ಟಿಗೆ ಒದಗಬೇಕು. ನೀರಿನ ಸೌಕರ್ಯವುಳ್ಳವರು ಈಗ ಮಳೆಯನ್ನು ನೆಚ್ಚದೆ ತುಂತುರು ನೀರಾವರಿಯಿಂದ ಹೂ ಬಿಡಿಸುತ್ತಾರೆ. ಉಳಿದವರು ಆಕಾಶವನ್ನು ನೋಡುತ್ತಾರೆ.

ಆ ಆಕಾಶ ಬಯಲುಸೀಮೆಯ ಮೇಲೂ ಒಂದು ಸಂಜೆ ಕಪ್ಪಾಗುತ್ತದೆ. ರೇವತಿ, ಅಶ್ವಿನಿ, ಭರಣಿ ಎಂದು ನಕ್ಷತ್ರದ ಹೆಸರಿನಿಂದ ಮಳೆಯನ್ನು ಗುರುತಿಸುವ ರೈತ ಭರಣಿಗೂ ಧರಣಿಗೂ ಪ್ರಾಸ ಸೇರಿಸಿ ಗಾದೆ ಕಟ್ಟಿದ್ದಾನೆ. ಅದು ಸುರಿದರೆ ನೆಲವೆಲ್ಲ ಬೆಳೆಯೆಂಬುದು ಅವನ ಎಣಿಕೆ. ದಿನವಿಡೀ ಎಲೆ ಅಲುಗದಂತೆ ಸೆಕೆ ಹೂಡಿ, ಇಳಿಹೊತ್ತಿನಲ್ಲಿ ನೈಋತ್ಯದಲ್ಲೋ ಪೂರ್ವದಲ್ಲೋ ಮೋಡ ಏಳುತ್ತದೆ. ಧೂಳಿನ ಗಾಳಿ ಬೀಸಿ ತರಗೆಲೆಗಳನ್ನು ಸುತ್ತಿಸುತ್ತದೆ. ಆಗ, ಮೊದಲ ಹನಿ ಅಂಗಳಕ್ಕೆ ಬೀಳುವ ಮುನ್ನವೇ, ಆ ವಾಸನೆ ಬರುತ್ತದೆ. ಎಲ್ಲಿಯೋ ಆಚೆಯ ಊರಿನಲ್ಲಿ ಮಳೆ ಬಿತ್ತೆಂದು ಮನೆಯೊಳಗಿದ್ದವರಿಗೂ ತಿಳಿಯುತ್ತದೆ. ಕಟ್ಟಿದ್ದ ದನಗಳೂ ಮೂಗರಳಿಸಿ ಆ ದಿಕ್ಕಿಗೆ ತಿರುಗುತ್ತವೆ.

ಒಣಮಣ್ಣಿಗೆ ಮಳೆ ಬಿದ್ದಾಗ ಏಳುವ ಈ ಕಂಪು ಎಲ್ಲಿಂದ ಬರುತ್ತದೆಂಬುದನ್ನು ಆಸ್ಟ್ರೇಲಿಯದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬ ವಿಜ್ಞಾನಿಗಳು ಶೋಧಿಸಿ, 1964ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಒಣಗಾಲದಲ್ಲಿ ಗಿಡಮರಗಳಿಂದ ಹೊರಬಿದ್ದ ತೈಲಾಂಶಗಳನ್ನು ಕಲ್ಲು ಮಣ್ಣುಗಳು ಹೀರಿಟ್ಟುಕೊಂಡಿರುತ್ತವೆ. ತೇವ ತಾಗಿದೊಡನೆ ಅವು ಬಿಡುಗಡೆಯಾಗುತ್ತವೆ. ಗ್ರೀಕ್ ಭಾಷೆಯ ಎರಡು ಶಬ್ದಗಳನ್ನು ಕೂಡಿಸಿ ಅವರು ಇದಕ್ಕೆ ‘ಪೆಟ್ರಿಕೋರ್’ ಎಂದು ಹೆಸರಿಟ್ಟರು. ಅವರು ಹೆಸರಿಡುವುದಕ್ಕೆ ಬಹಳ ಮೊದಲೇ ಉತ್ತರಪ್ರದೇಶದ ಕನ್ನೌಜಿನ ಅತ್ತರುಗಾರರು ಈ ಕಂಪನ್ನು ಹಿಡಿದು ಶೀಶೆಗೆ ತುಂಬಿದ್ದರು. ಸುಟ್ಟ ಮಣ್ಣನ್ನು ನೀರಿನೊಡನೆ ಹಂಡೆಯಲ್ಲಿ ಕಾಯಿಸಿ, ಏಳುವ ಆವಿಯನ್ನು ಗಂಧದೆಣ್ಣೆಯಲ್ಲಿ ಇಳಿಸಿ ಮಾಡುವ ಆ ಮಣ್ಣಿನ ಅತ್ತರು ಇಂದಿಗೂ ದೊರೆಯುತ್ತದೆ.

ತೈಲದೊಡನೆ ಇನ್ನೊಂದು ವಸ್ತುವೂ ಈ ಕಂಪಿನಲ್ಲಿ ಸೇರಿದೆ. ಮಣ್ಣಿನಲ್ಲಿರುವ ಒಂದು ಜಾತಿಯ ಬ್ಯಾಕ್ಟೀರಿಯಗಳು ಉತ್ಪಾದಿಸುವ ಅದಕ್ಕೆ ‘ಜಿಯೋಸ್ಮಿನ್’ ಎಂದು ಹೆಸರು. ಲಕ್ಷ ಕೋಟಿಯಲ್ಲಿ ಐದಾರು ಭಾಗದಷ್ಟಿದ್ದರೂ ಮನುಷ್ಯನ ಮೂಗು ಅದನ್ನು ಗುರುತಿಸಬಲ್ಲದು. ಅದು ಗಾಳಿಗೆ ಏರುವ ಬಗೆಯನ್ನು 2015ರಲ್ಲಿ ಅಮೆರಿಕದ ಎಂ.ಐ.ಟಿ.ಯ ಸಂಶೋಧಕರು ವೇಗದ ಕ್ಯಾಮೆರಾದಿಂದ ಸೆರೆಹಿಡಿದರು: ಮಳೆಹನಿ ನೆಲಕ್ಕೆ ಬಿದ್ದಾಗ ಅದರಡಿಯಲ್ಲಿ ಸಿಕ್ಕಿದ ಗಾಳಿ ಸಣ್ಣ ಗುಳ್ಳೆಗಳಾಗಿ ಮೇಲಕ್ಕೆದ್ದು ಒಡೆದು, ಕಣ್ಣಿಗೆ ಕಾಣದ ತುಂತುರನ್ನು ಚಿಮ್ಮಿಸುತ್ತದೆ. ಮುತ್ತುಗದ ಕೆಂಪು ಹಕ್ಕಿಗೆ, ಹೊಂಗೆಯ ಕಂಪು ಜೇನಿಗೆ, ಮಲ್ಲಿಗೆಯದು ಹಾತೆಗೆ. ಹಾಗಾದರೆ ಮಣ್ಣಿನ ಕಂಪು ಯಾರಿಗೆ? 2020ರಲ್ಲಿ ಪ್ರಕಟವಾದ ಇನ್ನೊಂದು ಸಂಶೋಧನೆ ಇದಕ್ಕೂ ಒಂದು ಉತ್ತರ ಕೊಟ್ಟಿತು. ಮಣ್ಣಿನಲ್ಲಿ ಕುಪ್ಪಳಿಸುವ, ಎಳ್ಳಿಗಿಂತಲೂ ಚಿಕ್ಕದಾದ ಆರು ಕಾಲಿನ ಜೀವಿಗಳಿವೆ. ಜಿಯೋಸ್ಮಿನ್‌ನ ವಾಸನೆ ಹಿಡಿದು ಅವು ಬ್ಯಾಕ್ಟೀರಿಯಗಳಿದ್ದಲ್ಲಿಗೆ ಬಂದು ಅವನ್ನು ಮೇಯುತ್ತವೆ. ಹೋಗುವಾಗ ಅವುಗಳ ಬೀಜಾಣುಗಳನ್ನು ಮೈಗಂಟಿಸಿಕೊಂಡು ಹೊಸ ಜಾಗಕ್ಕೆ ಒಯ್ಯುತ್ತವೆ. ಹೂವಿಗೂ ಜೇನಿಗೂ ನಡೆಯುವ ವ್ಯವಹಾರವೇ ಕಾಲಡಿಯ ಕತ್ತಲೆಯಲ್ಲಿಯೂ ನಡೆಯುತ್ತಿದೆ. ಮನುಷ್ಯ ಇವೆಲ್ಲದರ ನಡುವೆ ಕರೆಯದೆ ಬಂದ ಅತಿಥಿ. ಆದರೂ ಉಂಡು ಹೋಗುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಬೇಸಗೆಯ ಮೊದಲ ಮಳೆ ಬಹಳ ಹೊತ್ತು ನಿಲ್ಲುವುದಿಲ್ಲ. ಒಂದು ಗಳಿಗೆ ಆರ್ಭಟಿಸಿ, ಸೂರಿನ ಕೆಳಗೆ ಸಾಲಾಗಿ ಕುಳಿ ತೋಡಿ, ಬಂದ ಹಾಗೆಯೇ ಹೊರಟುಹೋಗುತ್ತದೆ. ಕತ್ತಲಾಗುತ್ತಲೇ ಹುತ್ತಗಳಿಂದ ಈಸಲುಗಳು ಹೊರಟು ಬೀದಿಯ ದೀಪಗಳನ್ನು ಮುತ್ತುತ್ತವೆ. ಹಲ್ಲಿಗಳಿಗೂ ಕಪ್ಪೆಗಳಿಗೂ ಅಂದು ಔತಣ. ಬೆಳಗಾದಾಗ ಜಗಲಿಯ ತುಂಬ 그 ಹುಳುಗಳ ರೆಕ್ಕೆ. ಮನೆಯಾಕೆ ಅವನ್ನು ಗುಡಿಸಿ ಹೊರಹಾಕುತ್ತಾಳೆ. ಗಾಡಿದಾರಿಯ ಜಾಡಿನಲ್ಲಿ ನಿಂತ ನೀರಿನ ಮೇಲೆ ಹೊಂಗೆಯ ಹೂಗಳು ತೇಲುತ್ತಿರುತ್ತವೆ. ನೇಗಿಲನ್ನು ಹೆಗಲಿಗೇರಿಸಿದ ರೈತ ಎತ್ತುಗಳನ್ನು ಮುಂದೆ ಬಿಟ್ಟುಕೊಂಡು ಆ ದಾರಿಯಲ್ಲಿಯೇ ಹೊಲಕ್ಕೆ ನಡೆಯುತ್ತಾನೆ. ಮರದ ಮೇಲೆ ಜೇನುಗಳು ಆಗಲೇ ಬಂದಾಗಿದೆ.